ದೋಣಿಯ ಇಂಜಿನ್ ನೀರು ಉಗುಳುವುದೇಕೆ?

ಮಕ್ಕಳೇ, ನೀವು ಎಂದಾದರೂ ಮಲ್ಪೆ, ಮುರುಡೇಶ್ವರ ಅಥವಾ ಕಾರವಾರದ ಕಡೆಗೆ ಶಾಲಾ ಪ್ರವಾಸ ಹೋಗಿದ್ದೀರಾ? ಹೋಗಿದ್ದರೆ ಪ್ರವಾಸಿಗರನ್ನು ಕೂರಿಸಿಕೊಂಡು ಭರ್ರನೆ ಓಡುವ ಸಣ್ಣ ದೋಣಿಗಳನ್ನು ನೋಡಿಯೇ ಇರುತ್ತೀರಿ. ಅಂಥ ದೋಣಿಯ ಹಿಂಬದಿಯ ಹಲಗೆಗೆ ಒಂದು ಇಂಜಿನ್ ಬಿಗಿದಿರುತ್ತಾರೆ. ಇಂಜಿನ್ನಿನ ತಲೆ ನೀರಿನ ಮೇಲಿದ್ದರೆ, ಉದ್ದನೆಯ ಕಾಲು ನೀರಿನೊಳಗೆ ಇಳಿದಿರುತ್ತದೆ. ಕಾಲಿನ ತುದಿಯಲ್ಲಿ ಫ್ಯಾನಿನಂತೆ ತಿರುಗುವ ಪ್ರೊಪೆಲರ್. ದೋಣಿಯ ಒಡಲಿನಿಂದ ಹೊರಗಡೆ ಇರುವುದರಿಂದ ಇದಕ್ಕೆ ಔಟ್‌ಬೋರ್ಡ್ ಇಂಜಿನ್ ಎಂದು ಹೆಸರು. ಮೀನುಗಾರರ ಅನೇಕ ನಾಡದೋಣಿಗಳಲ್ಲಿ ಇರುವುದೂ ಇದೇ ಬಗೆಯ ಇಂಜಿನ್.

ಈ ಇಂಜಿನ್ ಓಡುವಾಗ ಅದರ ಹಿಂಬದಿಯಲ್ಲಿರುವ ಸಣ್ಣ ತೂತಿನಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆಯೊಂದು ಚಿಮ್ಮುತ್ತಿರುತ್ತದೆ. 'ಅಯ್ಯೋ, ಇಂಜಿನ್ ಸೋರುತ್ತಿದೆ!' ಎಂದು ಮೊದಲ ಸಲ ನೋಡಿದವರು ಗಾಬರಿಯಾಗುವುದುಂಟು. ದೋಣಿ ನಡೆಸುವವರಿಗೆ ಗಾಬರಿಯಾಗುವುದು ಆ ಧಾರೆ ನಿಂತಾಗ.

ಒಮ್ಮೆ ನಾನು ಅಳಿವೆಯೊಂದರಲ್ಲಿ ಇಂಥ ದೋಣಿಯಲ್ಲಿ ಕುಳಿತಿದ್ದೆ. ಅಳಿವೆ ಎಂದರೆ ನದಿ ಸಮುದ್ರವನ್ನು ಸೇರುವ ಜಾಗ. ಎಂಟು ಜನ ಪ್ರವಾಸಿಗರಿದ್ದೆವು. ಎಲ್ಲರೂ ಲೈಫ್ ಜಾಕೆಟ್ ತೊಟ್ಟಿದ್ದೆವು. ಹಿಂದೆ ಕೂತಿದ್ದ ಸಹಾಯಕ ಹುಡುಗ ಇದ್ದಕ್ಕಿದ್ದಂತೆ, "ಅಣ್ಣಾ, ನೀರು ಬರ್ತಾ ಇಲ್ಲ!" ಎಂದು ಕೂಗಿದ. ದೋಣಿ ನಡೆಸುತ್ತಿದ್ದವರು ಮರುಮಾತಿಲ್ಲದೆ ಇಂಜಿನ್ ಆರಿಸಿದರು. ಇಳಿತದ ಹೊತ್ತು. ನದಿಯ ನೀರು ಸಮುದ್ರದ ಕಡೆಗೆ ರಭಸವಾಗಿ ಹರಿಯುತ್ತಿತ್ತು. ಇಂಜಿನ್ ನಿಂತ ದೋಣಿ ಅಳಿವೆಯ ಬಾಯಿಯಲ್ಲಿದ್ದ ಬಂಡೆಗಳ ಕಡೆಗೆ ಮೆಲ್ಲಗೆ ಜಾರತೊಡಗಿತು. ಹುಡುಗ ತಡಮಾಡದೆ ಲಂಗರು ಎಸೆದ. ಹಗ್ಗ ಬಿಗಿದು ದೋಣಿ ನಿಂತಾಗಲೇ ನಮಗೆಲ್ಲ ಉಸಿರು ಬಂದದ್ದು.

ಅವರು ಇಂಜಿನ್ನಿನ ಕಾಲನ್ನು ನೀರಿನಿಂದ ಮೇಲಕ್ಕೆ ಎತ್ತಿದರು. ತೆಳ್ಳನೆಯ ಒಂದು ಪ್ಲಾಸ್ಟಿಕ್ ಚೀಲ ಅದಕ್ಕೆ ಒದ್ದೆ ಬಟ್ಟೆಯಂತೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿ ಇಂಜಿನ್ ಚಾಲೂ ಮಾಡಿದಾಗ ಧಾರೆ ಮತ್ತೆ ಬಂತು. ಆದರೆ ಮೊದಲಿನಂತೆ ಚಿಮ್ಮಲಿಲ್ಲ, ಬರಿದೇ ಜಿನುಗಿತು. ಅವರು ಮುಂದಕ್ಕೆ ಹೋಗದೆ ನಿಧಾನವಾಗಿ ದಡಕ್ಕೆ ತಿರುಗಿಸಿದರು. "ನಾಳೆ ಬೆಳಿಗ್ಗೆ ಪಂಪು ಬಿಚ್ಚಬೇಕು, ಬಂದು ನೋಡಿ" ಎಂದರು. ನಾನು ಬಿಟ್ಟೇನೆಯೇ! ಮರುದಿನ ಹೋದೆ. ಅಲ್ಲಿ ಕಂಡದ್ದನ್ನು ಹೇಳುವ ಮೊದಲು ಇಂಜಿನ್ನಿಗೆ ಆ ನೀರು ಏಕೆ ಬೇಕು ಎಂಬುದನ್ನು ತಿಳಿಯೋಣ.

ಇಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲ್ ಉರಿಯುತ್ತದೆ. ಉರಿಯುವ ಅನಿಲದ ಉಷ್ಣತೆ ಆ ಕ್ಷಣಕ್ಕೆ 2000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. ಪಿಸ್ಟನ್ ಮಾಡಿರುವ ಅಲ್ಯೂಮಿನಿಯಂ ಕರಗುವುದು ಸುಮಾರು 660 ಡಿಗ್ರಿಗೆ! ಹಾಗಾದರೆ ಇಂಜಿನ್ ಕರಗಿ ಹೋಗುವುದಿಲ್ಲ ಏಕೆ? ಪ್ರತಿ ಉರಿಯೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಮತ್ತು ಲೋಹಕ್ಕೆ ತಗುಲಿದ ಬಿಸಿಯನ್ನು ಯಾರೋ ಕೂಡಲೇ ಹೊತ್ತೊಯ್ಯುತ್ತಿರುತ್ತಾರೆ. ಪೆಟ್ರೋಲಿನ ಶಕ್ತಿಯಲ್ಲಿ ದೋಣಿಯನ್ನು ಓಡಿಸಲು ಒದಗುವುದು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಉಳಿದದ್ದೆಲ್ಲ ಬಿಸಿ. ಅದರಲ್ಲಿ ಒಂದಷ್ಟು ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಮತ್ತೊಂದಷ್ಟು ಇಂಜಿನ್ನಿನ ಮೈಗೆ ಸೇರುತ್ತದೆ.

ಬೈಕಿನ ಇಂಜಿನ್ ನೋಡಿ. ಅದರ ಸುತ್ತ ತೆಳ್ಳನೆಯ ಲೋಹದ ಪಟ್ಟಿಗಳು ಇರುತ್ತವೆ. ಗಾಳಿ ಅವುಗಳ ನಡುವೆ ನುಗ್ಗಿ ಬಿಸಿಯನ್ನು ಒಯ್ಯುತ್ತದೆ. ಬಸ್ಸಿನಲ್ಲಿ ರೇಡಿಯೇಟರ್ ಇದೆ. ಅಲ್ಲಿ ಅದೇ ನೀರು ಸುತ್ತಿ ಸುತ್ತಿ ಬರುತ್ತದೆ. ದೋಣಿಗೆ ಆ ಚಿಂತೆಯೇ ಇಲ್ಲ. ಸುತ್ತಲೂ ಇರುವುದೆಲ್ಲ ನೀರೇ! ಒಂದು ಕಡೆ ತಣ್ಣೀರು ಎಳೆದುಕೊಂಡು, ಇಂಜಿನ್ನಿನ ಗೋಡೆಗಳ ನಡುವಿನ ಓಣಿಗಳಲ್ಲಿ ಹರಿಸಿ, ಬಿಸಿಯಾದದ್ದನ್ನು ಹೊರಗೆ ಚೆಲ್ಲಿದರಾಯಿತು. ಹಾಗೆ ಹೊರಗೆ ಹೋಗುವ ನೀರಿನ ಹೆಚ್ಚಿನ ಪಾಲು ಹೊಗೆಯ ಜೊತೆ ಕೆಳಗಿನಿಂದಲೇ ಹೋಗುತ್ತದೆ. ಒಂದು ಚೂರನ್ನು ಮಾತ್ರ ನಮ್ಮ ಕಣ್ಣಿಗೆ ಬೀಳುವಂತೆ ಮೇಲಿನ ತೂತಿನಿಂದ ಚಿಮ್ಮಿಸುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ 'ಟೆಲ್‌ಟೇಲ್' ಎನ್ನುತ್ತಾರೆ. ಅಂದರೆ ಚಾಡಿಕೋರ! ಒಳಗೆ ನಡೆಯುತ್ತಿರುವುದನ್ನು ಹೊರಗಿನವರಿಗೆ ಹೇಳುವುದೇ ಅದರ ಕೆಲಸ. ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಜಾಣರೇ ಇರಬೇಕು.

ನೀರು ಬಿಸಿಯನ್ನು ಹೊರುವುದರಲ್ಲಿ ಬಹಳ ಗಟ್ಟಿಗ. ಒಂದು ಕಿಲೋ ಕಬ್ಬಿಣವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದ ಸುಮಾರು ಒಂಬತ್ತು ಪಟ್ಟು ಶಾಖ ಒಂದು ಕಿಲೋ ನೀರಿಗೆ ಬೇಕು. ಇದನ್ನು ಕಣ್ಣಾರೆ ನೋಡಬೇಕೆಂದರೆ ನಿಮ್ಮ ಶಿಕ್ಷಕರ ಜೊತೆ ಒಂದು ಪ್ರಯೋಗ ಮಾಡಿ. ಒಬ್ಬರೇ ಮಾಡಬೇಡಿ. ನೋಟ್ ಪುಸ್ತಕದ ಹಾಳೆಯನ್ನು ಮಡಚಿ ಸಣ್ಣ ದೊನ್ನೆ ಮಾಡಿ. ಅದಕ್ಕೆ ಅರ್ಧಕ್ಕಿಂತ ಹೆಚ್ಚು ನೀರು ತುಂಬಿ, ಚಿಮುಟದಲ್ಲಿ ಹಿಡಿದು, ಉರಿಯುವ ಮೋಂಬತ್ತಿಯ ಜ್ವಾಲೆ ದೊನ್ನೆಯ ತಳಕ್ಕೆ ಮಾತ್ರ ತಾಗುವಂತೆ ಹಿಡಿಯಿರಿ. ಮಸಿ ಹಿಡಿಯುತ್ತದೆ, ನೀರು ಬಿಸಿಯಾಗುತ್ತದೆ, ಆದರೆ ಕಾಗದ ಹೊತ್ತಿಕೊಳ್ಳುವುದಿಲ್ಲ! ಕಾಗದ ಹೊತ್ತಿಕೊಳ್ಳಲು 200 ಡಿಗ್ರಿಗೂ ಮಿಕ್ಕಿದ ಬಿಸಿ ಬೇಕು. ನೀರು ಕುದಿಯುವುದು 100 ಡಿಗ್ರಿಗೆ. ನೀರು ಇರುವವರೆಗೂ ಅದು ಕಾಗದದ ಬಿಸಿಯನ್ನು ಕಸಿಯುತ್ತಲೇ ಇರುತ್ತದೆ. ಜ್ವಾಲೆಯನ್ನು ನೀರಿಲ್ಲದ ಮೇಲಂಚಿಗೆ ತಾಗಿಸಿದರೆ ಏನಾಗುತ್ತದೆ ಎಂದು ಊಹಿಸಿ. ಇಂಜಿನ್ನಿಗೆ ನೀರು ನಿಂತರೆ ಆಗುವುದೂ ಸರಿಸುಮಾರು ಅದೇ.

ಬೆಂಕಿ ಹತ್ತುವುದಕ್ಕಿಂತ ಮೊದಲೇ ಇನ್ನೊಂದು ಅನಾಹುತ ನಡೆಯುತ್ತದೆ. ಬಿಸಿಯಾದ ಲೋಹ ಹಿಗ್ಗುತ್ತದೆ ಎಂದು ನೀವು ಓದಿದ್ದೀರಿ. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅನೇಕ ಇಂಜಿನ್‌ಗಳಲ್ಲಿ ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅದು ಓಡಾಡುವ ಕೊಳವೆ ಕಬ್ಬಿಣದ್ದು. ನಡುವಿನ ಸಂದು ಕೂದಲೆಳೆಯಷ್ಟು. ಬಿಸಿ ಮಿತಿಮೀರಿದರೆ ಪಿಸ್ಟನ್ ಹಿಗ್ಗಿ ಕೊಳವೆಯನ್ನು ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ 'ಇಂಜಿನ್ ಸೀಜ್ ಆಯಿತು' ಎನ್ನುತ್ತಾರೆ. ಆಗ ಇಂಜಿನ್ ಪೂರ್ತಿ ಬಿಚ್ಚದೆ ಬೇರೆ ದಾರಿಯಿಲ್ಲ. ದಡ ಎಷ್ಟು ದೂರವಿದ್ದರೂ ದೋಣಿ ಅಲ್ಲಿಯೇ ಬಾಕಿ!

ಇಲ್ಲಿ ನಿಮ್ಮಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಬಹುದು. ಇಂಜಿನ್ನಿನ ಕಾಲು ನೀರಿನಲ್ಲೇ ಇದೆಯಲ್ಲ, ಪಂಪು ಏಕೆ? ಕಾಲು ನೀರಿನಲ್ಲಿದೆ ನಿಜ, ಆದರೆ ಉರಿ ಇರುವುದು ತಲೆಯಲ್ಲಿ. ನೀರು ತಾನಾಗಿ ಮೇಲೇರುವುದಿಲ್ಲ. ಯಾರಾದರೂ ತಳ್ಳಬೇಕು. ಆ ಪಂಪು ಇರುವುದು ಇಂಜಿನ್ನಿನ ಕಾಲಿನೊಳಗೆ, ಪ್ರೊಪೆಲರಿಗಿಂತ ತುಸು ಮೇಲೆ. ತಲೆಯಿಂದ ಪ್ರೊಪೆಲರಿಗೆ ಶಕ್ತಿ ಒಯ್ಯುವ ಉದ್ದನೆಯ ಕಬ್ಬಿಣದ ಸರಳೇ, ಅಂದರೆ ಶಾಫ್ಟೇ, ದಾರಿಯಲ್ಲಿ ಇದನ್ನೂ ತಿರುಗಿಸುತ್ತದೆ.

ಮರುದಿನ ಬೆಳಿಗ್ಗೆ ನಾನು ನೋಡಿದ್ದು ಈ ಪಂಪನ್ನೇ. ಇಂಜಿನ್ನನ್ನು ದೋಣಿಯಿಂದ ಬಿಡಿಸಿ ಮರದ ಸ್ಟ್ಯಾಂಡಿಗೆ ನೇತುಹಾಕಿದ್ದರು. ಮೊದಲು ಬ್ಯಾಟರಿಯ ವಯರ್ ಕಳಚಿ ಸ್ಟಾರ್ಟ್ ಮಾಡುವ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಯಾರಾದರೂ ಮರೆತು ಚಾಲೂ ಮಾಡಿದರೆ ಬೆರಳೇ ಹೋದೀತು! ನಂತರ ಕಾಲಿನ ಕೆಳಭಾಗದ ಬೋಲ್ಟುಗಳನ್ನು ಬಿಚ್ಚಿ ಅದನ್ನು ಕೆಳಕ್ಕೆ ಎಳೆದರು. ಶಾಫ್ಟಿನ ಸಮೇತ ಅದು ಕಳಚಿ ಬಂತು. ಶಾಫ್ಟಿನ ಬುಡದಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಒಂದು ಮುಚ್ಚಳ. ಅದನ್ನೂ ಎತ್ತಿದರು. ಒಳಗಿದ್ದದ್ದು ಇಷ್ಟೇ: ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಕಪ್ಪು ರಬ್ಬರಿನ ಚಕ್ರ, ಅದಕ್ಕೆ ಆರು ರೆಕ್ಕೆಗಳು.

ಇದರ ಹೆಸರು ಇಂಪೆಲರ್. ನಂದಿಬಟ್ಟಲು ಹೂವನ್ನು ನೋಡಿದ್ದೀರಲ್ಲ? ಅದರ ಎಸಳುಗಳೆಲ್ಲ ಒಂದೇ ಕಡೆಗೆ ತಿರುಚಿಕೊಂಡು ಗಿರಗಿಟ್ಟಲೆಯಂತೆ ಕಾಣುತ್ತವೆ. ಬಟ್ಟಲಿನೊಳಗೆ ಕೂತ ಇಂಪೆಲರಿನ ರೆಕ್ಕೆಗಳೂ ಹೀಗೆಯೇ ಒಂದೇ ಕಡೆಗೆ ಬಾಗಿರುತ್ತವೆ. ಎಸಳು ಐದರ ಬದಲು ಆರು, ಬಿಳಿಯ ಬದಲು ಕಪ್ಪು, ಅಷ್ಟೇ.

ಪಂಪಿನ ಜಾಣತನವೆಲ್ಲ ಇರುವುದು ಒಂದು ಸಣ್ಣ 'ಓರೆ'ಯಲ್ಲಿ. ಇಂಪೆಲರ್ ಬಟ್ಟಲಿನ ನಟ್ಟನಡುವೆ ಕೂತಿರುವುದಿಲ್ಲ. ಬೇಕೆಂದೇ ಒಂದು ಪಕ್ಕಕ್ಕೆ ಸರಿಸಿ ಇಟ್ಟಿರುತ್ತಾರೆ. ಹೀಗಾಗಿ ಒಂದು ಕಡೆ ಗೋಡೆ ಹತ್ತಿರ, ಇನ್ನೊಂದು ಕಡೆ ದೂರ. ಹತ್ತಿರದ ಗೋಡೆಯ ಬಳಿ ಬಂದಾಗ ರೆಕ್ಕೆ ಪೂರ್ತಿ ಬಾಗುತ್ತದೆ. ದೂರದ ಗೋಡೆಯ ಕಡೆ ಹೋದಾಗ ಕೈಚಾಚಿದಂತೆ ನೆಟ್ಟಗಾಗುತ್ತದೆ. ಎರಡು ರೆಕ್ಕೆಗಳ ನಡುವಿನ ಜಾಗವನ್ನು ಒಂದು ಪುಟ್ಟ ಕೋಣೆ ಎಂದುಕೊಳ್ಳಿ. ಚಕ್ರ ತಿರುಗಿದಂತೆ ಈ ಕೋಣೆ ಹಿಗ್ಗುತ್ತದೆ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಹಿಗ್ಗುವಾಗ ಒಳಗಿನ ಒತ್ತಡ ಇಳಿದು ಹೊರಗಿನ ನೀರು ಕೆಳಗಿನ ಕಿಂಡಿಯಿಂದ ಒಳಕ್ಕೆ ನುಗ್ಗುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಹೀರಿದಾಗ ಆಗುವುದೂ ಇದೇ. ಕುಗ್ಗುವಾಗ ನೀರು ಇನ್ನೊಂದು ಕಿಂಡಿಯಿಂದ ಮೇಲಿನ ಕೊಳವೆಗೆ ತಳ್ಳಲ್ಪಡುತ್ತದೆ. ಒಂದು ಸುತ್ತಿನಲ್ಲಿ ಆರೂ ಕೋಣೆಗಳು ಒಂದಾದ ಮೇಲೊಂದರಂತೆ ಹೀರಿ ತಳ್ಳುತ್ತವೆ. ಇಂಜಿನ್ ಬಹಳ ವೇಗವಾಗಿ ಓಡುವಾಗ ನೀರಿನ ಒತ್ತಡಕ್ಕೇ ರೆಕ್ಕೆಗಳು ಬಾಗಿ ಗೋಡೆಯಿಂದ ದೂರ ಸರಿಯುತ್ತವೆ. ಆಗ ಅವು ಹೊಲದ ಪಂಪ್‌ಸೆಟ್ಟಿನ ಚಕ್ರದಂತೆ ನೀರನ್ನು ಬೀಸಿ ಎಸೆದೇ ಕೆಲಸ ಮಾಡುತ್ತವೆ.

ರಬ್ಬರೇ ಏಕೆ, ಉಕ್ಕಿನ ರೆಕ್ಕೆ ಹಾಕಬಾರದೇ? ಉಕ್ಕು ಹೀಗೆ ಬಾಗಿ ಏಳಲಾರದು. ರಬ್ಬರ್ ಬಾಗುತ್ತದೆ, ಆದರೆ ಅದಕ್ಕೂ ಆಯುಸ್ಸಿದೆ. ಒಂದು ಲೆಕ್ಕ ಹಾಕೋಣ. ಇಂಜಿನ್ ನಿಧಾನವಾಗಿ, ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆ ಎನ್ನಿ. ಒಂದೊಂದು ರೆಕ್ಕೆಯೂ ಸುತ್ತಿಗೊಮ್ಮೆ ಬಾಗಿ ಏಳುತ್ತದೆ. ಗಂಟೆಗೆ 60,000 ಸಲ! ನೂರು ಗಂಟೆ ಓಡಿದರೆ 60 ಲಕ್ಷ ಸಲ. ನಿಮ್ಮ ಹಳೆಯ ರಬ್ಬರ್ ಚಪ್ಪಲಿಯನ್ನು ಬಗ್ಗಿಸಿ ನೋಡಿ. ಬೆರಳುಗಳ ಬುಡದ ಹತ್ತಿರ ಸಣ್ಣ ಬಿರುಕುಗಳು ಕಾಣುತ್ತವೆ. ರೆಕ್ಕೆಯ ಬುಡದಲ್ಲೂ ಅಂಥದೇ ಬಿರುಕು ಬೀಳುತ್ತದೆ.

ನಮ್ಮ ದೋಣಿಯ ಇಂಪೆಲರಿಗೆ ಬಂದ ಕಷ್ಟ ಬೇರೆ. ಅದರ ಆರು ರೆಕ್ಕೆಗಳಲ್ಲಿ ಎರಡು ಮುರಿದಿದ್ದವು, ಉಳಿದವುಗಳ ತುದಿ ಸುಟ್ಟಂತೆ ಹೊಳೆಯುತ್ತಿತ್ತು. ಪ್ಲಾಸ್ಟಿಕ್ ಚೀಲ ಕಿಂಡಿ ಮುಚ್ಚಿದಾಗ ಪಂಪು ಒಣಗಿಕೊಂಡೇ ತಿರುಗಿತ್ತು. ಒಣ ಅಂಗೈಗಳನ್ನು ಜೋರಾಗಿ ಉಜ್ಜಿ ನೋಡಿ, ಬಿಸಿ ಹತ್ತುತ್ತದೆ. ಒದ್ದೆ ಕೈಗಳನ್ನು ಉಜ್ಜಿದರೆ ಜಾರುತ್ತವೆ. ಈ ಪಂಪಿಗೆ ನೀರೇ ಎಣ್ಣೆ. ನೀರಿಲ್ಲದೆ ಅರ್ಧ ನಿಮಿಷ ತಿರುಗಿದರೂ ರಬ್ಬರ್ ಬೇಯಲು ಅಷ್ಟೇ ಸಾಕು. ಆದ್ದರಿಂದಲೇ ದೋಣಿಯನ್ನು ದಡಕ್ಕೆ ಎಳೆದಿಟ್ಟಾಗ 'ಸುಮ್ಮನೆ ಒಮ್ಮೆ' ಇಂಜಿನ್ ಚಾಲೂ ಮಾಡಿ ನೋಡಬಾರದು.

ಮುರಿದ ರೆಕ್ಕೆಗಳನ್ನು ನೋಡಿ ಅವರು ಹೊಸ ಇಂಪೆಲರ್ ತೆಗೆಯಲಿಲ್ಲ, ಮೊದಲು ಚೂರುಗಳನ್ನು ಹುಡುಕತೊಡಗಿದರು. ಬಟ್ಟಲಿನಲ್ಲಿ ಒಂದು ಸಿಕ್ಕಿತು. ಇನ್ನೊಂದು ಮೇಲಿನ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡಿತ್ತು. ಎರಡನ್ನೂ ಹಳೆಯ ಚಕ್ರಕ್ಕೆ ಹೊಂದಿಸಿ, ಒಡೆದ ಬಳೆಯ ಚೂರು ಜೋಡಿಸಿದಂತೆ, ಯಾವುದೂ ಬಿಟ್ಟುಹೋಗಿಲ್ಲ ಎಂದು ನೋಡಿಕೊಂಡರು. ಒಂದು ಚೂರು ಮೇಲಕ್ಕೆ ಹೋಗಿ ಇಂಜಿನ್ನಿನ ಓಣಿಯಲ್ಲಿ ಸಿಕ್ಕಿಕೊಂಡರೆ, ಹೊಸ ಇಂಪೆಲರ್ ಹಾಕಿದರೂ ಆ ಓಣಿಗೆ ನೀರು ತಲುಪುವುದಿಲ್ಲ. ನನಗೆ ಆ ಕೆಲಸದಲ್ಲಿ ಬಹಳ ಮೆಚ್ಚುಗೆಯಾದದ್ದು ಈ ಎಣಿಕೆ.

ಆಮೇಲೆ ಬಟ್ಟಲಿನ ಒಳಗೋಡೆಯನ್ನು ಬೆರಳಿನಿಂದ ಸವರಿ ಪರೀಕ್ಷಿಸಿದರು. ಅಳಿವೆಯ ನೀರಿನಲ್ಲಿ ಮರಳು ಹೆಚ್ಚು. ಮರಳಿನ ಕಣಗಳು ಗೋಡೆಯನ್ನು ಉಜ್ಜುಕಾಗದದಂತೆ ಕೆರೆಯುತ್ತವೆ. ಗೆರೆಗಳು ಆಳವಾದರೆ ನೀರು ಆ ಸಂದಿಯಿಂದಲೇ ಹಿಂದಕ್ಕೆ ಸೋರುತ್ತದೆ, ಆಗ ಬಟ್ಟಲನ್ನೂ ಬದಲಿಸಬೇಕು. ಅದೃಷ್ಟಕ್ಕೆ ಗೆರೆಗಳು ತೆಳುವಾಗಿದ್ದವು. ಇಂಪೆಲರನ್ನು ಶಾಫ್ಟಿಗೆ ಬಂಧಿಸುವ ಕಡಲೆಬೇಳೆ ಗಾತ್ರದ ಲೋಹದ ತುಂಡನ್ನೂ ನೋಡಿದರು. ಅದು ಸವೆದರೆ ಶಾಫ್ಟು ತಿರುಗಿದರೂ ಇಂಪೆಲರ್ ಸುಮ್ಮನೆ ಕೂತಿರುತ್ತದೆ. ಬಟ್ಟಲಿನ ಕೆಳಗಿನ ತೆಳ್ಳನೆಯ ಪ್ಯಾಕಿಂಗ್ ಮಾತ್ರ ಹೊಸದೇ ಬೇಕು. ಒಮ್ಮೆ ಬಿಚ್ಚಿದ ಪ್ಯಾಕಿಂಗ್ ಮತ್ತೆ ಸರಿಯಾಗಿ ಕೂರುವುದಿಲ್ಲ.

ಹೊಸ ಇಂಪೆಲರ್ ಕೂರಿಸುವಾಗ ಅದಕ್ಕೆ ಗ್ಲಿಸರಿನ್ ಸವರಿದರು. ಸೋಪಿನ ನೀರಾದರೂ ಆದೀತು. ಗಾಡಿಗೆ ಹಾಕುವ ಗ್ರೀಸ್ ಬೇಡವೇ ಎಂದು ಕೇಳಿದೆ. ಬೇಡವಂತೆ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಹಲವು ಬಗೆಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬಟ್ಟಲನ್ನು ಮೆಲ್ಲಗೆ ಒತ್ತುತ್ತಾ, ಇಂಜಿನ್ ಓಡುವಾಗ ಶಾಫ್ಟ್ ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ಕೈಯಿಂದ ತಿರುಗಿಸಿದರು. ರೆಕ್ಕೆಗಳು ಒಂದೊಂದಾಗಿ ಹಿಂದಕ್ಕೆ ಬಾಗಿ ಒಳಗೆ ಸೇರಿದವು. ದಿಕ್ಕು ತಪ್ಪಿ ಕೂರಿಸಿದರೆ ಇಂಜಿನ್ ಚಾಲೂ ಆದ ಕೂಡಲೇ ಆರೂ ರೆಕ್ಕೆಗಳು ಹೊರಳಬೇಕಾಗುತ್ತದೆ. ಆ ಭರದಲ್ಲಿ ಬುಡದಲ್ಲೇ ಬಿರುಕು ಬಿಟ್ಟೀತು.

ಕೆಲಸ ಮಾಡುತ್ತಲೇ ಅವರು ತಮ್ಮ ನಿತ್ಯದ ಕ್ರಮವನ್ನೂ ಹೇಳಿದರು. ದಿನವೂ ಹೊರಡುವ ಮುನ್ನ ಕಾಲಿನ ಎರಡೂ ಬದಿಯ ಜಾಲರಿ ನೋಡುವುದು. ಪಾಚಿ, ಚೀಲ, ಬಲೆಯ ನೂಲು ಇದ್ದರೆ ತೆಗೆಯುವುದು. ಚಾಲೂ ಮಾಡಿದ ಕೂಡಲೇ ಮೊದಲು ಹಿಂದಕ್ಕೆ ತಿರುಗಿ ಧಾರೆ ನೋಡುವುದು. ಧಾರೆ ಬರದಿದ್ದರೆ ಇಂಜಿನ್ ಆರಿಸಿ, ತೂತಿಗೆ ತೆಳ್ಳನೆಯ ತಂತಿ ಹಾಕಿ ನೋಡುವುದು. ಎಷ್ಟೋ ಸಲ ಪಂಪಿನ ತಪ್ಪೇ ಇರುವುದಿಲ್ಲ. ನಾಲ್ಕು ದಿನ ಇಂಜಿನ್ ಸುಮ್ಮನಿದ್ದರೆ ಕಣಜ ಆ ತೂತಿನಲ್ಲಿ ಮಣ್ಣಿನ ಗೂಡು ಕಟ್ಟಿಬಿಡುತ್ತದಂತೆ! ಚಾಡಿಕೋರನ ಬಾಯಿಗೇ ಮಣ್ಣು ಮೆತ್ತಿದರೆ ಸುದ್ದಿ ಹೇಳುವವರು ಯಾರು?

ಸಂಜೆ ದಡಕ್ಕೆ ಬಂದ ಮೇಲೆ ಇಂಜಿನ್ನಿಗೆ ಸಿಹಿನೀರಿನ ಸ್ನಾನ. ಸ್ನಾನ ಮೈಗಲ್ಲ, ಒಳಗಿನ ಓಣಿಗಳಿಗೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನೀರು ಆರಿದರೆ ಉಪ್ಪು ಉಳಿಯುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ, ಇಂಜಿನ್ ಬಿಸಿ ಹೆಚ್ಚಾದಾಗ ಲವಣಗಳು ಓಣಿಗಳ ಗೋಡೆಗೆ ಅಂಟಿ ದಾರಿ ಕಿರಿದಾಗುತ್ತದೆ. ಅದಕ್ಕಾಗಿ ಜಾಲರಿಗಳ ಮೇಲೆ ಎರಡು ರಬ್ಬರ್ ಬಟ್ಟಲುಗಳನ್ನು, ಕಿವಿಗೆ ಹೆಡ್‌ಫೋನ್ ಹಾಕಿದಂತೆ ಸಿಕ್ಕಿಸಿ, ನಲ್ಲಿಯ ಪೈಪು ಜೋಡಿಸಿ ಇಂಜಿನ್ನನ್ನು ನಿಧಾನವಾಗಿ ಓಡಿಸುತ್ತಾರೆ. ಪ್ರೊಪೆಲರ್ ತಿರುಗದಂತೆ ಗೇರನ್ನು ನ್ಯೂಟ್ರಲ್‌ನಲ್ಲಿ ಇಟ್ಟಿರುತ್ತಾರೆ. ರಬ್ಬರ್ ಬಟ್ಟಲು ಇಲ್ಲದವರಿಗೆ ನೀರು ತುಂಬಿದ ದೊಡ್ಡ ಡ್ರಮ್ಮೇ ಸಾಕು.

ಇಂಪೆಲರನ್ನು ಎಷ್ಟು ದಿನಕ್ಕೆ ಬದಲಿಸಬೇಕು ಎಂಬುದು ಇಂಜಿನ್ನಿನ ಕೈಪಿಡಿಯಲ್ಲಿ ಇರುತ್ತದೆ. ಇಷ್ಟು ಗಂಟೆ ಓಡಿದ ಮೇಲೆ, ಅಥವಾ ಇಷ್ಟು ಸಮಯ ಕಳೆದ ಮೇಲೆ, ಯಾವುದು ಮೊದಲೋ ಅದು. ಮರಳಿನ ನೀರಿನಲ್ಲಿ ಓಡುವ ದೋಣಿಗೆ ಇನ್ನೂ ಬೇಗ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಕಡಲು ಒರಟಾಗಿ ಪ್ರವಾಸಿ ದೋಣಿಗಳು ದಡ ಸೇರುತ್ತವೆ. ಪಂಪು ಬಿಚ್ಚಲು ಒಳ್ಳೆಯ ಸಮಯ ಅದು. ಇನ್ನೊಂದು ಕಾರಣವೂ ಇದೆ. ತಿಂಗಳುಗಟ್ಟಲೆ ತಿರುಗದೆ ನಿಂತ ಇಂಪೆಲರಿನಲ್ಲಿ ಬಾಗಿದ ರೆಕ್ಕೆಗಳು ಹಾಗೆಯೇ ಬಾಗಿಕೊಂಡು ಉಳಿಯುತ್ತವೆ, ಮತ್ತೆ ನೆಟ್ಟಗಾಗುವುದಿಲ್ಲ. ನೋಡಲು ಹೊಸದರಂತಿದ್ದರೂ ಅದು ನೀರು ಎಳೆಯುವುದು ಅಷ್ಟಕ್ಕಷ್ಟೇ. ಬಿಚ್ಚಿ ತೆಗೆದಿಟ್ಟರೆ ಆ ತೊಂದರೆಯಿಲ್ಲ.

ಹೊಸ ಮಾದರಿಯ ಇಂಜಿನ್‌ಗಳು ಬಿಸಿ ಹೆಚ್ಚಾದರೆ ತಾವೇ ಕೂಗಿ ವೇಗ ತಗ್ಗಿಸಿಕೊಳ್ಳುತ್ತವೆ. ಹಳೆಯ ಎಷ್ಟೋ ಇಂಜಿನ್‌ಗಳಿಗೆ ಆ ಬಾಯಿ ಇಲ್ಲ, ಇರುವುದು ಆ ತೂತು ಮಾತ್ರ. "ಹೊಸದಿರಲಿ ಹಳತಿರಲಿ, ನಾನು ಹಿಂದೆ ನೋಡುವುದು ಬಿಡುವುದಿಲ್ಲ" ಎಂದರು ಅವರು. ದೋಣಿಯ ಪೆಟ್ಟಿಗೆಯಲ್ಲಿ ಒಂದು ಇಂಪೆಲರ್ ಯಾವಾಗಲೂ ಹೆಚ್ಚಿಗೆ ಇಟ್ಟುಕೊಂಡಿರುತ್ತಾರಂತೆ.

ಎಲ್ಲ ಜೋಡಿಸಿ ಮುಗಿಯುವಾಗ ಬಿಸಿಲು ಏರಿತ್ತು. ಇಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ, ಎಲ್ಲರನ್ನೂ ದೂರ ನಿಲ್ಲಿಸಿ ಚಾಲೂ ಮಾಡಿದರು. ಒಂದು, ಎರಡು, ಮೂರು... ಹುಡುಗ ಎಣಿಸುತ್ತಿದ್ದ. ಏಳು ಎನ್ನುವಷ್ಟರಲ್ಲಿ ತೂತಿನಿಂದ ಮೊದಲು ಗಾಳಿ ಬುಸ್ಸೆಂದಿತು, ಆಮೇಲೆ ಧಾರೆ ಚಿಮ್ಮಿ ಡ್ರಮ್ಮಿನ ಆಚೆಗೆ ಬಿತ್ತು. ಹುಡುಗ ಅದಕ್ಕೆ ಕೈಯೊಡ್ಡಿ ಸ್ವಲ್ಪ ಹೊತ್ತು ನೋಡಿ, "ಬೆಚ್ಚಗಾಯ್ತು ಅಣ್ಣಾ" ಎಂದ. ಒಳಗಿನ ಬಿಸಿ ಹೊರಗೆ ಬರತೊಡಗಿತ್ತು.